ಯಾವ ಕಬ್ಬಿಣ ಎಂದು ಹೇಳದ ಗಿರಾಕಿ

ಕಡೂರಿನ ಬಸ್‌ಸ್ಟ್ಯಾಂಡಿಗೆ ಹತ್ತಿರದ ರಸ್ತೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣನೂ ನಾನೂ ಸೇರಿ ನಡೆಸುತ್ತಿದ್ದೇವೆ. ಪೈಪು, ಮೋಟರು, ಕೇಬಲ್ಲು ಅವನ ಕಡೆ. ಸ್ಪ್ಯಾನರು, ಗರಗಸದ ಅಲಗು, ಉಜ್ಜುವ ಅರ, ಡ್ರಿಲ್ ಬಿಟ್ಟುಗಳು ನನ್ನ ಕಡೆ. ಮೊದಲ ಸಲ ಬಂದವರು ನನ್ನನ್ನು ನೋಡಿ ಒಂದು ಕ್ಷಣ ತಡೆದು, "ಅಣ್ಣ ಇಲ್ವೇನಮ್ಮ?" ಅನ್ನುತ್ತಾರೆ. ಅಣ್ಣ ಒಳಗಿನಿಂದ "ಬಿಟ್ಟಾದ್ರೆ ಅವಳನ್ನೇ ಕೇಳಿ" ಎಂದು ಕೂಗುತ್ತಾನೆ. ಆಗಲೂ ಅವರ ಮುಖದಲ್ಲಿ ನಂಬಿಕೆ ಬರುವುದಿಲ್ಲ. ನನಗೆ ಅದರ ಬೇಸರವಿಲ್ಲ, ಏಕೆಂದರೆ ನಾನೂ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ.

ಈ ವ್ಯಾಪಾರವೇ ಹಾಗೆ ಮಾಡುತ್ತದೆ. ಹೊರಗಿನಿಂದ ನೋಡಿದರೆ ಬಿಟ್ಟುಗಳೆಲ್ಲ ಒಂದೇ. ಮರಕ್ಕೆ ಮಾತ್ರ ಲಾಯಕ್ಕಾದ ಸಾದಾ ಕಾರ್ಬನ್ ಉಕ್ಕಿನದಕ್ಕೂ, ಆಂಗಲ್ಲು ಪಟ್ಟಿ ಕೊರೆಯುವ ಹೈಸ್ಪೀಡ್ ಉಕ್ಕಿನದಕ್ಕೂ ಅದೇ ಸುರುಳಿ, ಅದೇ ಮೂತಿ. ಚಿನ್ನದ ಬಣ್ಣದವು ಬಂದ ಮೇಲೆ ಇನ್ನೂ ಕಷ್ಟ. ಅಸಲಿಯಾದರೆ ಅದರ ಮೇಲಿರುವುದು ಟೈಟಾನಿಯಂ ಲೇಪ, ನಕಲಿಯಾದರೆ ಬರೀ ಬಣ್ಣ. ಹೊಸ ಪೊಟ್ಟಣ ಬಂದಾಗಲೆಲ್ಲ ಒಂದನ್ನು ತೆಗೆದು ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ಹತ್ತಿ ಹಳದಿಯಾಯಿತೋ, ಪೊಟ್ಟಣ ವಾಪಸ್ಸು. ಕೋಬಾಲ್ಟ್ ಬಿಟ್ಟಿಗೆ ಆ ಪರೀಕ್ಷೆಯೂ ನಡೆಯುವುದಿಲ್ಲ. ಕೋಬಾಲ್ಟು ಮೈಮೇಲೆ ಬಳಿದದ್ದಲ್ಲ, ಉಕ್ಕಿನೊಳಗೇ ಬೆರೆತದ್ದು. ಅದು ಇದೆಯೋ ಇಲ್ಲವೋ ಎನ್ನುವುದು ಬಿಟ್ಟು ಕಾದು ಸುಡುವ ಹೊತ್ತಿನಲ್ಲಿ ಮಾತ್ರ ತಿಳಿಯುತ್ತದೆ. ಕೋಬಾಲ್ಟ್ ಇದ್ದರೆ ಆ ಬಿಸಿಯಲ್ಲೂ ಮೊನೆ ನಿಲ್ಲುತ್ತದೆ, ಇಲ್ಲದಿದ್ದರೆ ಮೊಂಡಾಗುತ್ತದೆ. ಅಷ್ಟು ಹೊತ್ತಿಗೆ ಗಿರಾಕಿ ಮನೆ ಸೇರಿರುತ್ತಾನೆ.

ಹಾಗಾಗಿ ಯಾರು ಬಿಟ್ಟು ಕೇಳಿದರೂ ನಾನು ಮೊದಲು ಕೇಳುವುದು, ಕೊರೆಯುವುದು ಏನನ್ನು ಎಂದು. ಗೇಟಿನ ಪಟ್ಟಿಯೋ, ಸ್ಟೀಲಿನ ಟ್ಯಾಂಕೋ, ಬೀಡುಕಬ್ಬಿಣದ ಪಂಪಿನ ಮೈಯೋ? ಅದು ಗೊತ್ತಾಗದೆ ಬಿಟ್ಟು ಕೊಡುವುದೂ ಒಂದೇ, ರೋಗಿಯನ್ನು ನೋಡದೆ ಮಾತ್ರೆ ಕೊಡುವುದೂ ಒಂದೇ. ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡದೆ ಸತಾಯಿಸಿದವರು ಒಬ್ಬರೇ.

ಐವತ್ತೈದರ ಆಚೆಯ ಮನುಷ್ಯ. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವೆಲ್ಲು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಅಂಗಡಿಯ ಮುಂದೆ ಜಾಗವಿದ್ದರೂ ತಮ್ಮ ಮೊಪೆಡ್ಡನ್ನು ಆಚೆ ನಿಂತಿದ್ದ ಲಾರಿಯ ಮರೆಗೆ ನಿಲ್ಲಿಸಿ ಬಂದರು.

"ಅರ್ಧ ಇಂಚಿಂದು ಒಂದು ಬಿಟ್ಟು ಕೊಡಮ್ಮ. ಗಟ್ಟಿದಿರ್ಬೇಕು."

"ಏನು ಕೊರೀತೀರಿ ಯಜಮಾನ್ರೇ?"

"ಕಬ್ಬಿಣ."

"ಯಾವ ಕಬ್ಬಿಣ? ಆಂಗಲ್ಲಾ, ಪಟ್ಟಿನಾ, ಸ್ಟೀಲಾ?"

"ಕಬ್ಬಿಣ ಅಂದ್ರೆ ಕಬ್ಬಿಣ ಕಣಮ್ಮ. ಅದ್ರಲ್ಲಿ ಎಷ್ಟು ಜಾತಿ ಇರ್ತವೆ?"

ಇರುತ್ತವೆ ಎಂದೆ. ಅವರು ರಸ್ತೆಯ ಕಡೆ ನೋಡಿದರು. ನಾನು ಸಾದಾ ಹೈಸ್ಪೀಡ್ ಬಿಟ್ಟೊಂದನ್ನು ಕೊಟ್ಟು, ಗಟ್ಟಿ ಉಕ್ಕಾದರೆ ಇದು ನಡೆಯುವುದಿಲ್ಲ ಎಂದು ಹೇಳಿದೆ. ಬಿಲ್ಲಿಗೆ ಹೆಸರು, ಊರು ಕೇಳಿದರೆ "ಬಿಲ್ಲು ಬ್ಯಾಡ" ಎಂದು ಹೊರಟರು.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಬಿಟ್ಟನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದರೆ ಮೂತಿಯ ಎರಡು ಮೂಲೆಗಳೂ ಸವೆದು ಗುಂಡಗಾಗಿ, ಬೆರಳಷ್ಟು ಉದ್ದ ನೀಲಿಯಾಗಿತ್ತು. ಸುರುಳಿಯ ತೋಡಿನಲ್ಲಿ ಒಂದು ಚೂರೂ ಕಬ್ಬಿಣದ ಸಿಪ್ಪೆ ಇರಲಿಲ್ಲ. ಅಂದರೆ ಅದು ಎಲ್ಲೂ ಇಳಿದೇ ಇಲ್ಲ. ಗಟ್ಟಿಯಾದ ಯಾವುದೋ ಮೈಮೇಲೆ ಜಾರುತ್ತ, ಉಜ್ಜುತ್ತ, ಕಾದು ಸತ್ತಿದೆ. ಮನೆಯಲ್ಲಿ ಅಷ್ಟು ಗಟ್ಟಿಯಾದ ಕಬ್ಬಿಣ ಏನಿರುತ್ತದೆ ಎಂದು ಯೋಚಿಸಿದೆ. ನನಗೆ ಮೊದಲು ಹೊಳೆದದ್ದು ತಿಜೋರಿ. ಹಳೇ ತಿಜೋರಿಗಳಲ್ಲಿ ಬೀಗದ ಮುಂದೆ ಒಂದು ಗಟ್ಟಿ ತಗಡು ಇಟ್ಟಿರುತ್ತಾರೆ, ಯಾರೂ ಕೊರೆಯಬಾರದು ಅಂತಲೇ.

"ಚಿನ್ನದ ಕಲರ್ದು ಬರ್ತದಂತಲ್ಲ, ಅದು ಕೊಡು" ಎಂದರು.

"ಅದು ಮೇಲಿನ ಪದರ ಅಷ್ಟೇ. ಒಳಗೆ ಇದೇ ಉಕ್ಕು. ನೀವು ಏನು ಕೊರೀತೀರಿ ಅಂತ ಹೇಳಿದ್ರೆ..."

"ಇದಕ್ಕಿಂತ ಗಟ್ಟಿದು ಯಾವ್ದು?"

ಕೋಬಾಲ್ಟಿನದನ್ನು ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಉಗುರಿನಿಂದ ಗೀರಿದರು. "ಇದ್ರಲ್ಲಿ ಕೋಬಾಲ್ಟ್ ಐತೆ ಅಂತ ಏನಮ್ಮ ಗ್ಯಾರಂಟಿ?"

ನಿಜ ಹೇಳಬೇಕೆಂದರೆ ನನ್ನ ಬಳಿ ಗ್ಯಾರಂಟಿ ಇರಲಿಲ್ಲ. ಬಿಟ್ಟಿನ ಬಾಲದ ಮೇಲೆ ಕೊರೆದ ಅಕ್ಷರಗಳಿದ್ದವು. ಅಕ್ಷರವನ್ನು ಯಾರು ಬೇಕಾದರೂ ಕೊರೆಯಬಹುದು. "ನಿಧಾನಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಒತ್ತಿ ಹಿಡೀರಿ" ಎಂದಷ್ಟೇ ಹೇಳಿದೆ. ಅವರ ಗಮನ ನನ್ನ ಮಾತಿನ ಮೇಲಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ಮಾಡುವವನು ದಿನವೂ ಆ ಹೊತ್ತಿಗೆ ನಮ್ಮ ಕೌಂಟರಿನ ಪಕ್ಕದ ಸ್ಟೂಲಿನಲ್ಲಿ ಕೂತು ಚಹಾ ಕುಡಿಯುತ್ತಾನೆ. ಅವನು ಬಂದು ಕೂತಿದ್ದೇ ತಡ, ಈ ಮನುಷ್ಯ ಬಿಟ್ಟನ್ನು ಜೇಬಿಗೆ ಇಳಿಸಿಕೊಂಡು ಬಾಕಿ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋಗಿಬಿಟ್ಟರು.

"ಏನು ತಗೊಂಡ ಅವ್ನು?" ಗ್ರಿಲ್ಲಿನವನು ಕೇಳಿದ.

"ನಿನಗ್ಯಾಕಪ್ಪ?"

"ಸುಮ್ನೆ ಕೇಳ್ದೆ ಕಣಕ್ಕ" ಎಂದು ಅವನು ರಸ್ತೆಯ ತುದಿಯವರೆಗೆ ಆ ಮೊಪೆಡ್ಡನ್ನೇ ನೋಡುತ್ತ ಕೂತ.

ಅದೇ ವಾರ ಅಂಗಡಿಗೆ ಬಂದವರ ಬಾಯಲ್ಲೆಲ್ಲ ಒಂದೇ ಸುದ್ದಿ. ಅಜ್ಜಂಪುರದ ಕಡೆ ಯಾವುದೋ ಹಳ್ಳಿಯಲ್ಲಿ, ಮನೆಯವರು ಮದುವೆಗೆ ಹೋದಾಗ ತಿಜೋರಿಯ ಬೀಗಕ್ಕೆ ತೂತು ಕೊರೆದು ಒಡವೆ ಒಯ್ದರಂತೆ. ಒಬ್ಬರು ಒಡವೆ ಎಂದರೆ ಇನ್ನೊಬ್ಬರು ಬೆಳ್ಳಿ ಪಾತ್ರೆ ಎಂದರು. ತೂತು ಮಾತ್ರ ಎಲ್ಲರ ಕಥೆಯಲ್ಲೂ ಇತ್ತು.

ಅಣ್ಣ ಕೆಲಸ ಬಿಟ್ಟು ನನ್ನ ಕಡೆಗೆ ಬಂದ. "ಲಾರಿ ಹಿಂದೆ ಗಾಡಿ ನಿಲ್ಲಿಸ್ತಾನಲ್ಲ, ಅವನು ಯಾವೂರೋನು?"

"ಹೇಳಿಲ್ಲ."

"ಏನು ಕೊರೀತಾನೆ?"

"ಅದೂ ಹೇಳಿಲ್ಲ."

ಅಣ್ಣ ಕ್ಯಾಮೆರಾದ ಹಳೇ ದೃಶ್ಯಗಳನ್ನು ಹಾಕಿದ. ಇಬ್ಬರೂ ಬಗ್ಗಿ ನೋಡಿದೆವು. ಸುಮ್ಮನೆ ಗಿರಾಕಿಯಾಗಿ ಕಂಡಿದ್ದ ಮನುಷ್ಯ ಆ ಪರದೆಯಲ್ಲಿ ಬೇರೆಯೇ ಆಗಿದ್ದ. ಒಳಗೆ ಬರುವ ಮೊದಲು ಎರಡೂ ಕಡೆ ನೋಡುತ್ತಾನೆ. ಮಾತಾಡುವಾಗ ಬಾಯಿಗೆ ಟವೆಲ್ಲು ಅಡ್ಡ ಹಿಡಿಯುತ್ತಾನೆ. ಒಮ್ಮೆ ತಲೆಯೆತ್ತಿ ನೇರ ಕ್ಯಾಮೆರಾವನ್ನೇ ನೋಡಿ ಪಕ್ಕಕ್ಕೆ ಸರಿಯುತ್ತಾನೆ. ಅಣ್ಣ ಸ್ಟೇಷನ್ನಿಗೆ ಹೇಳೋಣ ಎಂದ. ನಾನು ತಡೆದೆ. ವಿಭೂತಿ ಹಚ್ಚಿದ ಮುಖ ನೋಡಿ ತಡೆಯಲಿಲ್ಲ. ಬಿಟ್ಟು ಸುಟ್ಟುಕೊಳ್ಳುವ ಕಳ್ಳ ಎಂಥ ಕಳ್ಳ ಎಂಬ ಅನುಮಾನ ನನ್ನದು. ಕಸುಬಿನವನಾದರೆ ಮೊದಲ ಸಲವೇ ಸರಿಯಾದದ್ದನ್ನು ಕೇಳಿ ಒಯ್ಯುತ್ತಿದ್ದ.

"ಇನ್ನೊಂದ್ಸಲ ಬಂದ್ರೆ ಫೋಟೋ ತಗೀತೀನಿ" ಎಂದು ಅಣ್ಣ ಒಳಗೆ ಹೋದ.

ಮೂರನೆಯ ಸಲ ಅವರು ಬಂದಾಗ ಮುಖ ಕೆಂಪಗಿತ್ತು. ಕೋಬಾಲ್ಟ್ ಬಿಟ್ಟನ್ನು ಕೌಂಟರಿನ ಮೇಲೆ ಟಕ್ಕೆಂದು ಇಟ್ಟರು. ಅದೂ ನೀಲಿ, ಅದೂ ಗುಂಡಗೆ.

"ಡೂಪ್ಲಿಕೇಟ್ ಕೊಟ್ಟಿದೀಯಮ್ಮ. ಕೋಬಾಲ್ಟ್ ಇಲ್ಲ, ಗೀಬಾಲ್ಟ್ ಇಲ್ಲ."

"ನೋಡಿ ಯಜಮಾನ್ರೇ, ಏನು ಕೊರೀತೀರಿ ಅಂತ ಹೇಳ್ದಿದ್ರೆ ಬಿಟ್ಟಿಂದೇ ತಪ್ಪು ಅಂತ ಹೆಂಗೆ ಹೇಳ್ತೀರಿ?"

"ಕಾರ್ಬೈಡ್ ಅಂತ ಬರ್ತದಂತೆ. ಎಲ್ಲಕ್ಕಿಂತ ಗಟ್ಟಿ ಅಂತೆ. ಅದು ಕೊಡು."

"ಗಟ್ಟಿ ಹೌದು, ಆದ್ರೆ ಗಾಜಿನ ಥರ. ಕೈ ಡ್ರಿಲ್ಲಿಗೆ ಹಾಕಿ ಒಂಚೂರು ಅಲ್ಲಾಡಿಸಿದ್ರೂ ಮುರಿದು ಸಿಡೀತದೆ. ನೀವು ಏನಕ್ಕೆ ಅಂತ ಹೇಳೋವರ್ಗೂ ನಾನು ಕೊಡಲ್ಲ."

"ನಿನಗ್ಯಾಕಮ್ಮ ಅದೆಲ್ಲ? ದುಡ್ಡು ಕೊಡ್ತೀನಿ, ಸಾಮಾನು ಕೊಡು."

ಅಷ್ಟರಲ್ಲಿ ಅವರ ಕಣ್ಣು ನನ್ನ ಹಿಂದಕ್ಕೆ ಹೋಯಿತು. ಅಣ್ಣ ಪೈಪುಗಳ ಸಂದಿಯಿಂದ ಮೊಬೈಲು ಹಿಡಿದಿದ್ದ. ಅವರು ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡರು. "ಫೋಟೋ ತಗೀತೀರಾ? ಗೊತ್ತಾಯ್ತು, ಯಾರಿಗೆ ತೋರ್ಸೋಕೆ ಅಂತ ಗೊತ್ತಾಯ್ತು ಬಿಡಿ!" ಎಂದು ಗಡಗಡ ಇಳಿದು ಹೋದರು. ನಮಗೂ ಗೊತ್ತಾಯಿತು ಅಂದುಕೊಂಡೆವು. ಪೊಲೀಸರನ್ನು ಕುರಿತೇ ಹೇಳಿದರು ಎಂದು ನಾವು ತಿಳಿದೆವು.

ಅಣ್ಣನ ಅನುಮಾನ ಆ ಮನುಷ್ಯನ ಮೇಲೆ ಗಟ್ಟಿಯಾಗಿ ಕೂತಿತು. ನನ್ನದು ಬೇರೆ ದಾರಿ ಹಿಡಿಯಿತು. ಸುಟ್ಟ ಬಿಟ್ಟು ಕೌಂಟರಿನ ಮೇಲೆ ಬಿದ್ದಿತ್ತು. ನಿಜಕ್ಕೂ ಡೂಪ್ಲಿಕೇಟೇ ಇದ್ದರೆ? ಅದೇ ಪೊಟ್ಟಣದಿಂದ ಎಷ್ಟು ಜನಕ್ಕೆ ಕೊಟ್ಟಿದ್ದೇನೆ? ಸರಬರಾಜು ಮಾಡುವವನು ನಗುನಗುತ್ತ ಮಾತಾಡುವವನು, ಈಚೆಗೆ ಪೊಟ್ಟಣದ ಮೇಲಿನ ಅಚ್ಚು ಸ್ವಲ್ಪ ಮಸುಕಾಗಿಯೂ ಇತ್ತು. ಅನುಮಾನ ಬಂದ ಮೇಲೆ ಅವನ ನಗುವೂ ಬೇರೆಯಾಗಿ ಕಂಡಿತು. ಪಕ್ಕದ ಶೆಡ್ಡಿನಲ್ಲಿ ನಿಲುವು ಡ್ರಿಲ್ಲಿಂಗ್ ಮಿಷನ್ನು ಇದೆ, ಅಲ್ಲೇ ಪರೀಕ್ಷೆ ಮಾಡಬಹುದಿತ್ತು. ಆದರೆ ಗ್ರಿಲ್ಲಿನವನು ಆ ಮನುಷ್ಯನ ಬಗ್ಗೆ ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದ. ಅವನ ಮುಂದೆ ಏನನ್ನೂ ಬಿಚ್ಚಲು ಮನಸ್ಸಾಗಲಿಲ್ಲ.

ಅದೇ ಪೊಟ್ಟಣದ ಇನ್ನೊಂದು ಬಿಟ್ಟು ತೆಗೆದುಕೊಂಡು ತರೀಕೆರೆಯ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಚಿಕ್ಕಪ್ಪನ ಮಗನ ಲೇತ್ ಶೆಡ್ಡಿದೆ. ವಿಷಯ ಹೇಳಿದೆ. ಅವನು ಮೂಲೆಯಲ್ಲಿದ್ದ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಎಳೆದು ಮಿಷನ್ನಿಗೆ ಕಟ್ಟಿದ. "ಇದಕ್ಕಿಂತ ಗಟ್ಟಿದು ಯಾರ ಮನೇಲೂ ಸಿಗೋದು ಕಷ್ಟ. ಇದಕ್ಕೆ ಇಳಿದ್ರೆ ನಿನ್ನ ಬಿಟ್ಟು ಸಾಚಾ."

ಬೆಲ್ಟು ಬದಲಿಸಿ ವೇಗ ತಗ್ಗಿಸಿದ. ಎಣ್ಣೆ ಹನಿಸಿ ಹಿಡಿಕೆ ಎಳೆದ. ಮೊದಲು ಕಿರ್ರೆಂದಿತು. ಅವನು ಇನ್ನಷ್ಟು ಒತ್ತಿದ. ಸದ್ದು ಗಡುಸಾಗಿ, ಹೊಗೆಯ ಎಳೆಯೊಂದು ಎದ್ದು, ಕಬ್ಬಿಣದ ಸುರುಳಿ ಗುಂಗುರು ಕೂದಲಿನಂತೆ ಹೊರಗೆ ಬಂತು. ತೂತು ಆಚೆ ಮುಟ್ಟಿದ ಮೇಲೆ ಬಿಟ್ಟನ್ನು ತೆಗೆದು ನೋಡಿದೆವು. ಮೂಲೆಗಳು ಹಾಗೇ ಇದ್ದವು.

"ಬಿಟ್ಟು ಸರಿ ಇದೆ ಕಣೇ" ಎಂದ. "ಅವನು ಫುಲ್ ಸ್ಪೀಡಲ್ಲಿ ತಿರುಗ್ಸಿ, ಎಣ್ಣೆ ಇಲ್ದೆ ಉಜ್ಜಿರ್ತಾನೆ. ಹಂಗೆ ಉಜ್ಜಿದ್ರೆ ಬಿಟ್ಟೂ ಹೋಗ್ತದೆ, ಆ ಜಾಗ ಇನ್ನೂ ಗಟ್ಟಿ ಆಗಿ ಗಾಜಿನ ಥರ ಹೊಳೀತದೆ." ಆಮೇಲೆ ಏನೋ ನೆನಪಾದವನಂತೆ, "ಕನ್ನಡಕಕ್ಕೆ ದಾರ ಕಟ್ಟಿರೋ ಯಜಮಾನ್ರಾ?" ಎಂದ.

"ನಿನಗೆ ಹೆಂಗೆ ಗೊತ್ತು?"

"ಇಲ್ಲಿಗೂ ಬಂದಿದ್ರು. ಒಂದು ಕಾರ್ಬೈಡ್ ಬಿಟ್ಟು ಇಸ್ಕೊಂಡು ಹೋದ್ರು. ಏನಕ್ಕೆ ಅಂದ್ರೆ ಹೇಳ್ಲಿಲ್ಲ. ಕೈ ಡ್ರಿಲ್ಲಿಗೆ ಹಾಕ್ಬೇಡಿ ಅಂದೆ. ಹೂಂ ಅಂದ್ರಪ್ಪ."

ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ತಲೆ ಆ ಮನುಷ್ಯನ ಹಿಂದೆಯೇ ಸುತ್ತುತ್ತಿತ್ತು. ಬರೀ ಬಿಟ್ಟಿಗಾಗಿ ಕಡೂರಿನಿಂದ ಬೀರೂರು ದಾಟಿ ತರೀಕೆರೆಯವರೆಗೆ ಬರುವವನಿಗೆ ತನ್ನ ಊರಿನ ಹತ್ತಿರ ಯಾರೂ ನೋಡಬಾರದು ಎಂದಿರಬೇಕು. ನನ್ನ ಬಿಟ್ಟು ಸಾಚಾ ಎಂದು ತಿಳಿದದ್ದರಿಂದ ಅವರ ಮೇಲಿನ ಅನುಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಅಂಗಡಿ ತೆಗೆದು ಕಸ ಗುಡಿಸುತ್ತಿದ್ದಾಗ ಒಬ್ಬ ಹೆಂಗಸು ಬಂದರು. ನನ್ನ ವಯಸ್ಸಿನವರೇ. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಭಾರವಾದ ಗಂಟು. ಅದನ್ನು ಕೌಂಟರಿನ ಮೇಲೆ ದಡಕ್ಕನೆ ಇಟ್ಟರು.

"ಬಿಟ್ಟು ಕೊಡೋ ಅಕ್ಕ ನೀವೇನಾ?"

"ಹೌದು. ಏನಾಗ್ಬೇಕಿತ್ತು?"

"ನಮ್ಮನೆಯೋರಿಗೆ ಏನು ಮಾರ್ತಿದೀರಿ ನೀವು? ಮೋಟರ್ ಶೆಡ್ಡಿಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ಊಟಕ್ಕೂ ಬರಲ್ಲ. ಒಳಗೆ ಗುರ್ ಅಂತ ಸದ್ದು. ಹೋದ್ರೆ ಟಾರ್ಪಾಲು ಎಳೀತಾರೆ. ನಿನ್ನೆ ಏನೋ ಮುರಿದು ಸಿಡಿದು ಹುಬ್ಬು ಕಿತ್ಕೊಂಡು ಹೋಗೈತೆ. ಒಂದಿಷ್ಟು ಕೆಳಗಾಗಿದ್ರೆ ಕಣ್ಣೇ ಹೋಗ್ತಿತ್ತು ಕಣ್ರೀ!"

ಕನ್ನಡಕಕ್ಕೆ ದಾರ ಕಟ್ಟಿದವರಾ ಎಂದೆ. ಹೌದು ಎಂದರು. ಪಂಚನಹಳ್ಳಿಯ ಹತ್ತಿರ ತೋಟ. ಗಂಡ ನಿಧಿ ಹುಡುಕುವವರ ಸಹವಾಸ ಮಾಡಿದ್ದಾರೋ, ಕಳ್ಳ ಮಾಲು ಕಡಿದು ಮಾರುತ್ತಿದ್ದಾರೋ ಎಂದು ಆಕೆಗೆ ನಿದ್ದೆಯಿಲ್ಲ. ಗಂಡ ಆಸ್ಪತ್ರೆಗೆ ಹೊಲಿಗೆ ಹಾಕಿಸಿಕೊಳ್ಳಲು ಹೋದ ಹೊತ್ತಿನಲ್ಲಿ ಶೆಡ್ಡಿನಿಂದ ಸಿಕ್ಕಿದ್ದೊಂದನ್ನು ಸುತ್ತಿ ತಂದಿದ್ದರು. ಜೇಬಿನಲ್ಲಿ ಸಿಕ್ಕ, ಬಿಟ್ಟು ಸುತ್ತಿಕೊಟ್ಟಿದ್ದ ಕಾಗದದ ಮೇಲೆ ನಮ್ಮ ಅಂಗಡಿಯ ಮುದ್ರೆಯಿತ್ತಂತೆ.

"ಇದೇನು ಅಂತ ನೀವೇ ಹೇಳಿ. ಇದು ಬಾಂಬಿಂದಾ?"

ಸೀರೆ ಬಿಚ್ಚಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಾಗಿದ ಉಕ್ಕಿನ ತುಂಡು, ಒಂದು ಅಂಚು ಹಲ್ಲಿನಂತೆ ಚೂಪು. ನಡುವೆ ಕನ್ನಡಿಯಂತೆ ಹೊಳೆಯುವ ಒಂದು ಚುಕ್ಕೆ, ನಮ್ಮ ಬಿಟ್ಟುಗಳೆಲ್ಲ ಸತ್ತ ಜಾಗ. ಅರವೊಂದನ್ನು ತೆಗೆದು ಅಂಚಿನ ಮೇಲೆ ಎಳೆದೆ. ಗಾಜಿನ ಮೇಲೆ ಎಳೆದಂತೆ ಜಾರಿತು. ಹೊರಮೈಯಲ್ಲಿ ಮಣ್ಣು ತಿಕ್ಕಿ ತಿಕ್ಕಿ ನಯವಾದ ಗೆರೆಗಳಿದ್ದವು. ಅದನ್ನು ನೋಡಿ ನನಗೆ ತಿಳಿಯಿತು. ಟ್ರ್ಯಾಕ್ಟರಿನ ಹಿಂದೆ ಮಣ್ಣು ಒಡೆಯಲು ಕಟ್ಟುತ್ತಾರಲ್ಲ, ಆ ಉಕ್ಕಿನ ತಟ್ಟೆ. ಕಲ್ಲಿಗೆ ಬಡಿದರೂ ಬಾಗದಿರಲಿ ಎಂದು ಅದನ್ನು ಕಾಯಿಸಿ ಹದ ಕೊಟ್ಟಿರುತ್ತಾರೆ. ಅದನ್ನೇ ತುಂಡು ಮಾಡಿದ್ದರು.

ತಿಜೋರಿಯಲ್ಲ ಎಂದು ಗೊತ್ತಾಯಿತು. ಆದರೆ ಹಳೇ ತಟ್ಟೆಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಬಾಗಿಲು ಹಾಕಿಕೊಂಡು ಕೊರೆಯುವುದೇಕೆ? ಅಣ್ಣನಿಗೆ ಅಂಗಡಿ ಒಪ್ಪಿಸಿದೆ. "ಒಬ್ಳೇ ಹೋಗ್ಬೇಡ" ಎಂದ. "ಅವರ ಹೆಂಡ್ತಿ ಇದಾರಲ್ಲ" ಎಂದೆ. ಅವನು ನಮ್ಮಿಬ್ಬರನ್ನೂ ಒಂದೇ ಥರ ಅನುಮಾನದಿಂದ ನೋಡಿದ. ಚೀಲದಲ್ಲಿ ಸಣ್ಣದೊಂದು, ದೊಡ್ಡದೊಂದು ಕೋಬಾಲ್ಟ್ ಬಿಟ್ಟು, ವೇಗ ತಗ್ಗಿಸಲು ಬರುವ ಡ್ರಿಲ್ಲು, ಅದನ್ನು ಅಲ್ಲಾಡದಂತೆ ನಿಲ್ಲಿಸುವ ಸ್ಟ್ಯಾಂಡು ಹಾಕಿಕೊಂಡು ಆಕೆಯ ಜೊತೆ ಪಂಚನಹಳ್ಳಿಯ ಬಸ್ಸು ಹತ್ತಿದೆ.

ಶೆಡ್ಡಿನ ಮುಂದೆ ಅವರು ಹುಬ್ಬಿಗೆ ಪಟ್ಟಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಾಗಿಲಿಗೆ ಅಡ್ಡ ನಿಂತರು. ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ನನ್ನ ಹಿಂದೆ ದಾರಿಯನ್ನು.

"ಅವನೂ ಬಂದವ್ನಾ?"

"ಯಾರು?"

"ಅದೇ, ನಿಮ್ಮಂಗಡೀಲಿ ಟೀ ಕುಡಿಯೋನು. ಗ್ರಿಲ್ಲಿನೋನು. ನಿಮ್ಮಣ್ಣ ಫೋಟೋ ತಗ್ದು ಅವನಿಗೇ ತಾನೆ ತೋರ್ಸಿದ್ದು?"

ಫೋಟೋ ಯಾಕೆ ತೆಗೆದೆವು ಎಂದು ನಾನು ಹೇಳಲೇಬೇಕಾಯಿತು. ಅಜ್ಜಂಪುರದ ತಿಜೋರಿಯ ಕಥೆಯನ್ನೂ ಹೇಳಿದೆ. "ನಾನು? ತಿಜೋರಿ?" ಎಂದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟರು. ಆ ನಗು ನೋಡಿದ ಮೇಲೇ ಅವರು ಬಾಗಿಲಿನಿಂದ ಸರಿದದ್ದು.

ಜಗಲಿಯಲ್ಲಿ ಕೂತು ನಡೆದದ್ದನ್ನು ಹೇಳಿದರು. ಆ ಕಡೆ ತೆಂಗಿನಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುತ್ತಾರೆ. ಕಾಯಿಯ ಮೇಲಿನ ನಾರಿನ ಮಟ್ಟೆ ಒಣಗಿದರೆ ಮರದಷ್ಟು ಗಟ್ಟಿ. ಸುಲಿಯುವವರು ಸಿಗುವುದು ಕಡಿಮೆಯಾಗಿದೆ. ಹಿಂದೆ ಇವರು ತಾವೇ ಯೋಚಿಸಿ, ಎರಡು ಉರುಳೆಗಳಿಗೆ ಹಲ್ಲು ಕೂರಿಸಿ, ನಡುವೆ ಕಾಯಿ ಹಾಕಿದರೆ ಮಟ್ಟೆ ಕಿತ್ತು ಬರುವಂತೆ ಒಂದು ಮಿಷನ್ನು ಮಾಡಲು ಹೊರಟಿದ್ದರು. ವೆಲ್ಡಿಂಗ್ ಮಾಡಿಸಲು ಕಡೂರಿನ ಆ ಗ್ರಿಲ್ಲಿನವನ ಹತ್ತಿರ ಹೋದರು. ಇವರದು ಮುಗಿಯುವ ಮೊದಲೇ ಅಂಥದ್ದೇ ಇನ್ನೆರಡು ಅವನ ಶೆಡ್ಡಿನ ಮುಂದೆ ಮಾರಾಟಕ್ಕೆ ನಿಂತಿದ್ದವು.

"ಅವನ್ದೂ ಓಡ್ಲಿಲ್ಲ, ನನ್ದೂ ಓಡ್ಲಿಲ್ಲ ಬಿಡಿ. ಸಾದಾ ಪಟ್ಟಿ ಹಲ್ಲು. ಒಣ ಮಟ್ಟೆಗೆ ಸಿಕ್ಕಿ ಬಾಗಿ ಹೋದ್ವು. ಆಮೇಲೆ ಹೊಳೀತು, ಹಲ್ಲಿಗೆ ಈ ತಟ್ಟೆ ಹಾಕ್ಬೇಕು ಅಂತ. ಈ ಸಲ ಇರೋ ಗುಟ್ಟೇ ಅದು ಕಣಮ್ಮ, ಯಾವ ಕಬ್ಬಿಣ ಅನ್ನೋದು. ನಾನು ಬಂದಾಗೆಲ್ಲ ನೀನು ಅದನ್ನೇ ಕೇಳ್ತೀಯ. ಪಕ್ದಲ್ಲಿ ಅವನು ಕೂತವ್ನೆ. ನಾನು ಹೆಂಗೆ ಹೇಳ್ಲಿ?"

ಗ್ರಿಲ್ಲಿನವನು ಕೇಳಿದ ಪ್ರಶ್ನೆಗಳು ಒಂದೊಂದಾಗಿ ನೆನಪಾದವು. ಅವನಿಗೆ ನಾನು ಏನೂ ಹೇಳಿರಲಿಲ್ಲ ಎಂದು ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಕೆಲಸಕ್ಕೆ ಇಳಿದೆವು. ನಾನು ಮೊದಲು ಯೋಚಿಸಿದ್ದು ಆ ತುಂಡನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ತಣ್ಣಗೆ ಮಾಡುವುದನ್ನು. ಹಾಗೆ ಮಾಡಿದರೆ ಹದ ಇಳಿದು ಸಾದಾ ಬಿಟ್ಟೂ ಇಳಿಯುತ್ತದೆ. ಅವರು ಒಪ್ಪಲಿಲ್ಲ, ಹದ ಹೋದರೆ ಹಲ್ಲು ಮತ್ತೆ ಬಾಗುತ್ತದೆ ಎಂದರು. ಸರಿಯಾದ ಮಾತೇ. ಕಾರ್ಬೈಡ್ ಅವರ ಹುಬ್ಬಿನ ಮೇಲೆ ತನ್ನ ಗುಣ ತೋರಿಸಿಯಾಗಿತ್ತು. ಉಳಿದದ್ದು ಕೋಬಾಲ್ಟ್ ಒಂದೇ. ಅವರು ಅದನ್ನು ನೋಡಿ ಮುಖ ಕಿವುಚಿದರು. "ಇದೇ ತಾನೆ ಸುಟ್ಟು ಹೋಗಿದ್ದು?"

"ಇದೇ. ಹೊಳೆಯೋ ಜಾಗ ಬಿಟ್ಟು ಪಕ್ಕದಲ್ಲಿ ಹೊಸದಾಗಿ ಕೊರೆಯೋಣ. ಮೊದ್ಲು ಸಣ್ಣದು, ಆಮೇಲೆ ದೊಡ್ಡದು."

ತುಂಡನ್ನು ಬಿಗಿದು, ಡ್ರಿಲ್ಲನ್ನು ಸ್ಟ್ಯಾಂಡಿಗೆ ಕಟ್ಟಿದೆ. ಎಣ್ಣೆ ತರುವುದನ್ನು ಮರೆತಿದ್ದೆ. ಅವರ ಹೆಂಡತಿ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತಂದರು. ಆಗಬಹುದು ಎಂದೆ. ವೇಗ ಪೂರಾ ತಗ್ಗಿಸಿ ಒತ್ತಿದೆ. ಕಿರ್ರೆಂದಿತು. ಇನ್ನೂ ಒತ್ತಿದೆ. ಮತ್ತೆ ಕಿರ್ರೆಂದಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತರೀಕೆರೆಯಲ್ಲಿ ಇಳಿದಿದ್ದ ಅದೇ ಪೊಟ್ಟಣದ ಬಿಟ್ಟು ಇಲ್ಲಿ ಇಳಿಯುವುದಿಲ್ಲವೇನೋ, ಒಂದೇ ಪೊಟ್ಟಣದಲ್ಲೂ ಒಳ್ಳೆಯದು ಕೆಟ್ಟದ್ದು ಬೆರೆಸಿರುತ್ತಾರೇನೋ ಎಂದು ನನಗೇ ಅನ್ನಿಸತೊಡಗಿತು. ನಿಲ್ಲಿಸಿ ನೋಡಿದರೆ ಮೊನೆ ಸರಿಯಾಗೇ ಇತ್ತು. ನನ್ನ ಕೈಯ ಭಾರ ಸಾಲದಾಗಿತ್ತು ಅಷ್ಟೇ. "ನೀವು ಹಿಡಿಕೆ ಒತ್ತಿ" ಎಂದು ಅವರನ್ನೇ ಕರೆದೆ. ಅವರು ಮೈಭಾರವೆಲ್ಲ ಹಾಕಿದರು, ಹೆಂಡತಿ ಎಣ್ಣೆ ಹನಿಸಿದರು, ನಾನು ವೇಗ ಹಿಡಿದೆ. ಸುಟ್ಟ ಕೊಬ್ಬರಿಯ ವಾಸನೆ ಏಳುತ್ತ ಸುರುಳಿ ಹೊರಗೆ ಬಂತು. ಸಣ್ಣ ತೂತು ಆಚೆ ಮುಟ್ಟಿದ ಮೇಲೆ ದೊಡ್ಡದು ಜಗಳವಿಲ್ಲದೆ ಇಳಿಯಿತು.

ಅವರು ತೂತಿನಲ್ಲಿ ಕಣ್ಣಿಟ್ಟು ಆಚೆ ನೋಡಿದರು. ಮುಖ ಅರಳಿತು. ನಾನೂ ಖುಷಿಯಲ್ಲಿ, "ಎಲ್ಲಿ, ಆ ಉರುಳೆ ತೋರಿಸಿ, ಎಲ್ಲಿಗೆ ಕೂರುತ್ತೆ ನೋಡೋಣ" ಎಂದು ಟಾರ್ಪಾಲಿನ ಕಡೆ ಹೆಜ್ಜೆ ಇಟ್ಟೆ. ಅವರು ಮತ್ತೆ ಅಡ್ಡ ಬಂದರು.

"ಉಳಿದಿದ್ದು ಈಗ ಬ್ಯಾಡ ಕಣಮ್ಮ. ಬೇಜಾರು ಮಾಡ್ಕೋಬ್ಯಾಡ."

"ಅಯ್ಯೋ, ಇಷ್ಟು ಮಾಡಿಕೊಟ್ಟವರಿಗೆ..." ಎಂದು ಹೆಂಡತಿ ಗದರಿದರು. ಅವರು ಜಗ್ಗಲಿಲ್ಲ. ನಾನು ಬೇಜಾರು ಮಾಡಿಕೊಂಡೆ, ಆದರೆ ತೋರಿಸಿಕೊಳ್ಳಲಿಲ್ಲ. ಡ್ರಿಲ್ಲು, ಸ್ಟ್ಯಾಂಡನ್ನು ಅವರಲ್ಲೇ ಬಿಟ್ಟು ಬಂದೆ.

ಆಮೇಲೆ ಅಜ್ಜಂಪುರದಿಂದ ಬರುವ ಗಿರಾಕಿಯೊಬ್ಬರು ತಿಜೋರಿಯ ನಿಜಸಂಗತಿ ಹೇಳಿದರು. ಆ ಮನೆಯವರೇ ಬೀಗದ ಕೈ ಕಳೆದುಕೊಂಡು, ಬೀಗ ರಿಪೇರಿಯವನನ್ನು ಕರೆಸಿ ಕೊರೆಸಿದ್ದರಂತೆ. ಮದುವೆಗೆ ಹೊರಟವರಿಗೆ ಒಡವೆ ಬೇಕಿತ್ತು. ಸದ್ದು ಕೇಳಿದ ಅಕ್ಕಪಕ್ಕದವರು ಉಳಿದದ್ದನ್ನು ಸೇರಿಸಿದ್ದರು. ಅಣ್ಣ ಮೊಬೈಲಿನಿಂದ ಆ ಫೋಟೋ ಅಳಿಸಿದ.

ಗ್ರಿಲ್ಲಿನವನನ್ನು ನಾನು ನೇರವಾಗಿ ಕೇಳಿದೆ. "ಪಂಚನಹಳ್ಳಿಯವರ ಮಿಷನ್ನು ನೋಡಿ ಮಾಡಿದ್ದೇನಪ್ಪಾ ನೀನು?"

ಅವನು ಲೋಟ ಕೆಳಗಿಟ್ಟ. "ಅವರು ನಂಗೆ ಅರ್ಧ ಹೇಳಿದ್ರು ಕಣಕ್ಕ, ಉಳಿದರ್ಧ ನಾನೇ ಕೂಡಿಸ್ದೆ. ಅಂಥವು ಎಲ್ಲ ಕಡೆ ಮಾಡ್ತಾರೆ. ಕಾಯಿ ಸುಲಿಯೋದು ಅವರಪ್ಪನ ಸ್ವತ್ತಾ?" ಎಂದ. ಅದು ಪೂರ್ತಿ ಸುಳ್ಳು ಎಂದು ಹೇಳಲಾರೆ, ಪೂರ್ತಿ ನಿಜ ಎಂದೂ ಒಪ್ಪಲಾರೆ. ಅವನು ಮುಂದೆಯೂ ಚಹಾಕ್ಕೆ ಬಂದ. ನಾನು ಸ್ಟೂಲನ್ನು ಕೌಂಟರಿನಿಂದ ಸ್ವಲ್ಪ ಆಚೆ ಹಾಕಿದೆ.

ಕೆಲವು ತಿಂಗಳ ಮೇಲೆ ಪಂಚನಹಳ್ಳಿಯಿಂದ ಫೋನು ಬಂತು. ಮಿಷನ್ನು ಓಡುತ್ತಿದೆ, ಅಣ್ಣನನ್ನೂ ಕರೆದುಕೊಂಡು ಊಟಕ್ಕೆ ಬನ್ನಿ ಎಂದರು. ಹೋದೆವು. ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಟಾರ್ಪಾಲು ಇರಲಿಲ್ಲ. ಅವರ ಹೆಂಡತಿ ಒಣಕಾಯಿಯ ರಾಶಿಯ ಪಕ್ಕ ನಿಂತು ಒಂದೊಂದನ್ನೇ ಮೇಲಿನ ಬಾಯಿಗೆ ಹಾಕುತ್ತಿದ್ದರು. ಒಳಗೆ ಗರಗರ ಸದ್ದಾಗಿ ಆ ಕಡೆಯಿಂದ ಬೋಳು ಕಾಯಿ, ಈ ಕಡೆಯಿಂದ ಮಟ್ಟೆ ಬೀಳುತ್ತಿತ್ತು. ಸಣ್ಣ ಕಾಯಿಗಳು ಆಗೀಗ ಸಿಕ್ಕಿಕೊಳ್ಳುತ್ತಿದ್ದವು, ಅದಕ್ಕಿನ್ನೂ ದಾರಿ ಕಂಡಿಲ್ಲ ಎಂದರು. ಆದರೆ ಹಲ್ಲು ಒಂದೂ ಬಾಗಿರಲಿಲ್ಲವಂತೆ.

ಅಂತೆ ಎಂದು ಹೇಳುವುದು ಏಕೆಂದರೆ, ನಾವು ಹಲ್ಲನ್ನು ನೋಡಲಿಲ್ಲ. ಉರುಳೆಗಳ ಸುತ್ತ ತಗಡಿನ ಮುಚ್ಚಳ ಕೂರಿಸಿದ್ದರು.

"ಕೈ ಗೀ ಸಿಕ್ಕೀತು ಅಂತ ಮುಚ್ಚಿದೀನಿ" ಎಂದರು.

ನಾನು ಬಗ್ಗಿ ನೋಡಿದೆ. ರಿಪೇರಿಗೆ ಬಿಚ್ಚುವ ಮುಚ್ಚಳಕ್ಕೆ ಯಾರಾದರೂ ಬೋಲ್ಟು ಹಾಕುತ್ತಾರೆ. ಇವರು ಸುತ್ತಲೂ ರಿವೆಟ್ಟು ಹೊಡೆದಿದ್ದರು, ಒಡೆಯದೆ ಬಿಚ್ಚಲು ಬರದ ಹಾಗೆ. ತಲೆಯೆತ್ತಿ ಅವರ ಮುಖ ನೋಡಿದೆ. ಅವರು ಹೆಂಡತಿಯ ಕಡೆ ತಿರುಗಿ, "ಮುದ್ದೆ ಆರೋಗ್ತದೆ, ಎಲೆ ಹಾಕೇ" ಎಂದರು.